ರೊಟುಮನ್ ಉಚ್ಚಾರಣೆ ಕಲಿತದ್ದು: ನನ್ನ ಅನುಭವ

ರೊಟುಮಾ ಅನ್ನೋದು ಫಿಜಿಯ ಮುಖ್ಯ ದ್ವೀಪಗಳಿಂದ ಉತ್ತರಕ್ಕೆ, ಸುಮಾರು 500 ಕಿಲೋಮೀಟರ್ ದೂರದಲ್ಲಿರುವ ಪುಟ್ಟ ದ್ವೀಪ. ಅಲ್ಲಿ ಎರಡು ಸಾವಿರ ಜನವೂ ಇಲ್ಲ. ಅಲ್ಲಿನ ರೊಟುಮನ್ ಭಾಷೆ ಆಡುವವರು ಜಾಸ್ತಿ ಇರುವುದು ಫಿಜಿಯ ದೊಡ್ಡ ದ್ವೀಪಗಳಲ್ಲೇ. ಧ್ವನಿಮುದ್ರಣಗಳನ್ನು ಕೇಳಿ, ಪಾದ್ರಿ ಸಿ. ಮ್ಯಾಕ್ಸ್‌ವೆಲ್ ಚರ್ಚ್‌ವರ್ಡ್ 1940ರಲ್ಲಿ ತಂದ ವ್ಯಾಕರಣವನ್ನು ಪಕ್ಕದಲ್ಲಿಟ್ಟುಕೊಂಡು ನಾನು ಇದರ ಉಚ್ಚಾರಣೆ ಕಲಿತೆ.

ವ್ಯಂಜನಗಳು 14 ಅಷ್ಟೇ. ಬ, ದ, ಗ ಇಲ್ಲ, ಮಹಾಪ್ರಾಣವೂ ಇಲ್ಲ. ಎರಡಕ್ಕೆ ಮಾತ್ರ ನಾಲಿಗೆ ಪಳಗಬೇಕಾಯಿತು. ಒಂದು ಙ. ನಮಗೆ ಅದು ‘ಅಂಗಡಿ’, ‘ಬೆಂಕಿ’ಗಳಲ್ಲಿ ಗ, ಕ ಜೊತೆಗಷ್ಟೇ ಬರುತ್ತದೆ. ಇಲ್ಲಿ ಪದವೇ ಅದರಿಂದ ಶುರು: ಊರಿನ ಮುಖ್ಯಸ್ಥನಿಗೆ ‘ಙಙಚ’. ‘ಅಂಗ’ ಎನ್ನಲು ಹೊರಟು, ‘ಗ’ ಬರುವ ಮುಂಚೆ ತಡೆದು, ಆ ಮೂಗಿನ ದನಿಯನ್ನೇ ಎಳೆದು ‘ಅ’ ಸೇರಿಸಿದೆ. ಆಮೇಲೆ ಮೊದಲಿನ ‘ಅ’ ಕೈಬಿಟ್ಟೆ. ಬಂದುಬಿಟ್ಟಿತು! ಇನ್ನೊಂದು ಗಂಟಲ ತಡೆ. ಬೇಡ ಅನ್ನಲು ಬಾಯಿ ಮುಚ್ಚಿಕೊಂಡೇ ‘ಉಂ-ಉಂ’ ಅಂತೀವಲ್ಲ, ನಡುವೆ ಗಂಟಲು ಕಟ್ಟುತ್ತದೆ, ಅದೇ.

ನಿಜವಾದ ಸೊಗಸು ಪದದ ಕೊನೆಯಲ್ಲಿದೆ. ಹೆಚ್ಚಿನ ಪದಗಳಿಗೆ ಎರಡು ರೂಪ, ಪೂರ್ಣ ಮತ್ತು ಅಪೂರ್ಣ. ಹೂವಿಗೆ ‘ಹೊಸ’, ನಮ್ಮ ‘ಹೊಸ’ದ ಹಾಗೇ ಕೇಳಿಸುತ್ತದೆ. ಅಪೂರ್ಣದಲ್ಲಿ ಕೊನೆಯ ‘ಅ’ ಒಳಗೆ ನುಗ್ಗಿ ‘ಹೊಅಸ್’ ಆಗುತ್ತದೆ. ಆಳ್ವಿಕೆ ನಡೆಸು ಎನ್ನುವ ‘ಪುರೆ’ ‘ಪುಎರ್’. ಹೊರಗಿಂದ ಬಂದ ‘ಪರೊಫಿತ’, ಅಂದರೆ ಪ್ರವಾದಿ, ಅದೂ ‘ಪರೊಫಿಅತ್’. ಎರಡು ಸ್ವರಗಳನ್ನು ಒಂದೇ ಏಟಿಗೆ ಹೇಳಬೇಕು, ಬಿಡಿಸಿ ಹೇಳಿದರೆ ಕೆಟ್ಟಿತು.

ಕೆಲವು ಪದಗಳಲ್ಲಿ ಕೊನೆಯ ಸ್ವರ ಕಾಣೆಯಾಗುತ್ತದೆ, ಆದರೆ ಗುರುತು ಬಿಟ್ಟು ಹೋಗುತ್ತದೆ. ಮಲಗು ಎನ್ನುವ ‘ಮೊಸೆ’ಯಲ್ಲಿ ‘ಎ’ ಹೋಗಿ, ಹಿಂದಿನ ‘ಒ’ ಬಾಯೊಳಗೆ ಮುಂದಕ್ಕೆ ಸರಿಯುತ್ತದೆ. ಕನ್ನಡದಲ್ಲಿ ಈ ಸ್ವರಕ್ಕೆ ಅಕ್ಷರವಿಲ್ಲ. ನಾಲಿಗೆಯನ್ನು ‘ಎ’ ಜಾಗದಲ್ಲೇ ನಿಲ್ಲಿಸಿ, ತುಟಿಗಳನ್ನಷ್ಟೇ ‘ಒ’ಗೆ ದುಂಡಗೆ ಮಾಡಬೇಕು. ಕನ್ನಡಿ ಎದುರು ಕೂತು ನಾನಿದನ್ನು ಕಲಿತೆ. ಹಿಡಿದು ಎಳೆಯುವುದು ಎನ್ನುವ ‘ಫುತಿ’ಗೂ ಇದೇ ಉಪಾಯ: ‘ಇ’ ನಾಲಿಗೆ, ‘ಉ’ ತುಟಿ.

ನಮ್ಮವರಿಗೆ ಒಂದು ಮಾತು. ಬಸ್ಸು, ಕಾರು ಅಂದು ರೂಢಿಯಾದ ಬಾಯಿ ‘ಹೊಅಸು’ ಎನ್ನಲು ಹಾತೊರೆಯುತ್ತದೆ. ‘ಸ್’ ದನಿಯನ್ನೇ ಸ್ವಲ್ಪ ಎಳೆದು, ಉಸಿರು ನಿಲ್ಲಿಸಿಬಿಡಿ.

ಪೂರ್ಣ, ಅಪೂರ್ಣ ಅನ್ನುವ ಈ ವ್ಯತ್ಯಾಸ ಸುಮ್ನೆ ಇರುವುದಲ್ಲ. ‘’ಎಪ ಲ ಹೊಅ’’ (ಮೊದಲಲ್ಲೂ ಕೊನೆಯಲ್ಲೂ ಇರುವ ’ ಗುರುತು ಗಂಟಲ ತಡೆ) ಎಂದರೆ ಆ ಚಾಪೆಗಳನ್ನು ಒಯ್ಯುತ್ತಾರೆ. ‘’ಎಅಪ್ ಲ ಹೊಅ’’ ಎಂದರೆ ಯಾವುವೋ ಕೆಲವು ಚಾಪೆಗಳನ್ನು. ಯಾವ ಚಾಪೆ ಅನ್ನುವುದು ಒಂದು ಸ್ವರದ ಜಾಗದಲ್ಲೇ ಗೊತ್ತಾಗುತ್ತದೆ, ಎಷ್ಟು ಚೆಂದ ಅಲ್ವಾ! ಅದಕ್ಕೇ ಈಗ ಬಿಡಿ ಪದಗಳನ್ನು ಬಿಟ್ಟು, ಇಂಥ ವಾಕ್ಯಗಳನ್ನು ಜೋಡಿ ಜೋಡಿಯಾಗಿ ಕೇಳುತ್ತಿದ್ದೇನೆ.