ಅಸೆಂಡರ್ ಹಾಕಿ ಮರ ಹತ್ತುವವರು ಹಗ್ಗ ಸಡಿಲ ಬಿಡಬೇಡಿ

ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಸವರಲು ಹಗ್ಗ, ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಬೆಲ್ಟ್), ಅಸೆಂಡರ್ (ಹಗ್ಗದ ಮೇಲೆ ಮೇಲಕ್ಕೆ ಸರಿದು, ಕೆಳಗೆ ಎಳೆದರೆ ಕಚ್ಚಿ ಹಿಡಿಯುವ ಸಾಧನ) ಬಳಸುವವರು ಇದ್ದೀರಿ ಅಲ್ವಾ? ಬರಿಗೈಯಲ್ಲಿ ಹತ್ತುವುದಕ್ಕಿಂತ ಖಂಡಿತ ಒಳ್ಳೆಯದು. ಆದರೆ ಹಲ್ಲಿರುವ ಅಸೆಂಡರ್ ಇರುವುದು ಹತ್ತುವುದಕ್ಕೆ, ಬೀಳುವವರನ್ನು ಹಿಡಿಯುವುದಕ್ಕಲ್ಲ.

ಅದರ ಕ್ಯಾಮ್ (ಹಗ್ಗವನ್ನು ಒತ್ತಿ ಹಿಡಿಯುವ ತಿರುಗುವ ಭಾಗ) ಮೇಲಿನ ಸಣ್ಣ ಮುಳ್ಳುಗಳು ಹಗ್ಗದ ಹೊರಪದರಕ್ಕೆ ಚುಚ್ಚಿ ಹಿಡಿಯುತ್ತವೆ. 80 ಕೆ.ಜಿ. ಮನುಷ್ಯ ಸುಮ್ನೆ ನೇತಾಡಿದರೆ ಹಗ್ಗಕ್ಕೆ ಬೀಳುವ ಭಾರ ಸುಮಾರು 0.8 ಕಿಲೋನ್ಯೂಟನ್. ಹಗ್ಗ ಸಡಿಲವಿದ್ದು ಜಾರಿದರೆ ಅದೇ ಭಾರ ಒಂದೇ ಏಟಿಗೆ ಹಲವು ಪಟ್ಟಾಗುತ್ತದೆ. 4ರಿಂದ 6 ಕಿಲೋನ್ಯೂಟನ್ ಹೊತ್ತಿಗೆ ಮುಳ್ಳುಗಳು ಹೊರಪದರವನ್ನೇ ಹರಿದುಹಾಕಬಹುದು. ಹಾಗಾಗಿ ಅಸೆಂಡರ್ ಯಾವಾಗಲೂ ಸೊಂಟಕ್ಕಿಂತ ಮೇಲಿರಲಿ, ಹಗ್ಗ ಬಿಗಿಯಾಗಿರಲಿ.

ಎಷ್ಟು ಮಿಲಿಮೀಟರ್ ದಪ್ಪದ ಹಗ್ಗ ಎಂದು ಸಾಧನದ ಮೈಮೇಲೇ ಬರೆದಿರುತ್ತಾರೆ, ನೋಡಿ. ಮೂಟೆ ಕಟ್ಟುವ ನೈಲಾನ್ ಹಗ್ಗ ಬೇಡವೇ ಬೇಡ. ಮಳೆಗಾಲದಲ್ಲಿ ಕೆಸರು, ಪಾಚಿ ಮುಳ್ಳುಗಳ ಸಂದಿಗೆ ಮೆತ್ತಿಕೊಂಡರೆ ಹಿಡಿತ ಜಾರುತ್ತದೆ. ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ನೆಲದಿಂದ ಒಂದಡಿ ಎತ್ತರದಲ್ಲಿ ಪೂರ್ತಿ ಭಾರ ಬಿಟ್ಟು ನೋಡಿ, ಆಮೇಲೆ ಮೇಲೆ ಹೋಗಿ. ಗರಗಸ ಕೈಗೆತ್ತಿಕೊಳ್ಳುವ ಮೊದಲು ಕಾಂಡಕ್ಕೆ ಇನ್ನೊಂದು ಸುರಕ್ಷತಾ ಪಟ್ಟಿ ಸುತ್ತಿ ಹಾರ್ನೆಸ್‌ಗೆ ಸಿಕ್ಕಿಸಿ.