ಬೋರ್ಡೋ ದ್ರಾವಣ: ತಕ್ಕಡಿಯನ್ನಷ್ಟೇ ನಂಬಿದರೆ ಸಾಲದು

ಮುಂಗಾರಿನ ಮೊದಲು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದದ್ದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು. ಅಷ್ಟೇ. ಮೈಲುತುತ್ತದ ನೀರು ಆಮ್ಲೀಯ. ಅದನ್ನೊಂದನ್ನೇ ಹೊಡೆದರೆ, ಮಳೆಗಾಲದಲ್ಲಿ ಕಾಯಿ ಕೊಳೆಯಿಸಿ ಉದುರಿಸುವ ಕೊಳೆರೋಗದ ಜೊತೆಗೆ ಸಿಂಗಾರ (ಅಡಿಕೆಯ ಹೂಗೊಂಚಲು), ಎಳೆಗಾಯಿಗಳೂ ಸುಟ್ಟುಹೋಗುತ್ತವೆ. ಸುಣ್ಣದ ಕ್ಷಾರ ಸೇರಿದಾಗ ಆಮ್ಲ ತಟಸ್ಥವಾಗಿ, ಕರಗಿದ್ದ ತಾಮ್ರ ನುಣ್ಣನೆಯ ನೀಲಿ ಕಣಗಳಾಗುತ್ತದೆ. ಗೊನೆಗೆ ಅಂಟಿದ ಆ ಕಣಗಳಿಂದ ತಾಮ್ರ ನಿಧಾನವಾಗಿ ಹೊರಬರುತ್ತ ರೋಗಾಣುವನ್ನು ತಡೆಯುತ್ತದೆ. ಫ್ರಾನ್ಸಿನ ದ್ರಾಕ್ಷಿತೋಟಗಳ ಈ ಔಷಧವನ್ನು ಮೈಸೂರು ಸಂಸ್ಥಾನದ ಅಡಿಕೆ ಬೆಳೆಗಾರರಿಗೆ ಪರಿಚಯಿಸಿದವರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ಕೆಲಸ 1910ರ ಸುಮಾರಿನದು.

ಶೇ 1ರ 100 ಲೀಟರ್ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಟ್ಟ ಸುಣ್ಣ. ಹಿಂದಿನ ಸಂಜೆಯೇ ತುತ್ತವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ ಮೇಲ್ಭಾಗಕ್ಕೆ ಮುಳುಗುವಂತೆ ಇಳಿಬಿಡಿ. ತಳಕ್ಕೆ ಹಾಕಿದರೆ ಬೆಳಿಗ್ಗೆಯೂ ಹರಳು ಹಾಗೇ ಕೂತಿರುತ್ತದೆ. ಕಬ್ಬಿಣ ಅಥವಾ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪಾತ್ರೆ ಬೇಡವೇ ಬೇಡ: ಲೋಹ ಕರಗಿ, ತಾಮ್ರ ಪಾತ್ರೆಯ ಗೋಡೆಗೆ ಹತ್ತಿಕೊಳ್ಳುತ್ತದೆ. ಔಷಧದ ಸತ್ವವೂ ಹೋಯಿತು, ಪಾತ್ರೆಯೂ ಹೋಯಿತು.

ಸುಣ್ಣದ ಹರಳಿನ ಮೇಲೆ ನೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ ಅರಳಿಸಿ. ಕುದಿದು ಸಿಡಿಯುತ್ತದೆ, ಮುಖ ದೂರವಿರಲಿ. ಇದಕ್ಕೆ ಕಬ್ಬಿಣದ ಬಾಣಲೆ ನಡೆಯುತ್ತದೆ, ಅಲ್ಯೂಮಿನಿಯಂ ನಡೆಯದು. ಪೂರ್ತಿ ಆರಿದ ಮೇಲೆ ಕದಡಿ, ಬಟ್ಟೆಯಲ್ಲಿ ಸೋಸಿ, ಇನ್ನೊಂದು ಬ್ಯಾರಲ್‌ನಲ್ಲಿ 50 ಲೀಟರ್ ಮಾಡಿ. ಸೋಸುವುದಕ್ಕೆ ಬೇಸರಪಟ್ಟವರ ನಾಝಲ್ ಮರದ ತುದಿಯಲ್ಲೇ ಕಟ್ಟಿಕೊಳ್ಳುತ್ತದೆ.

ಬೆಳಿಗ್ಗೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತ, ಮರದ ಕೋಲಿನಿಂದ ತಿರುವುತ್ತಲೇ ಇರಿ. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಬಿಸಿ ಇರುವಾಗ ಬೆರೆಸುವುದೂ ಬೇಡ. ಎರಡನ್ನೂ ಗಟ್ಟಿಯಾಗಿ ಕಲಸಿಕೊಂಡು ಆಮೇಲೆ ನೀರು ಹೊಯ್ಯುವ ಸುಲಭದ ದಾರಿಯೂ ಬೇಡ. ಮೂರರಲ್ಲಿ ಯಾವ ತಪ್ಪು ಮಾಡಿದರೂ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಸರಿಯಾದ ದ್ರಾವಣ ತಿಳಿ ಆಕಾಶನೀಲಿಯಾಗಿರುತ್ತದೆ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಹಂತ. ಲೆಕ್ಕದ ಪ್ರಕಾರ 1 ಕೆ.ಜಿ. ಮೈಲುತುತ್ತಕ್ಕೆ ಅಪ್ಪಟ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಆದರೂ 1 ಕೆ.ಜಿ. ಹಾಕುತ್ತೇವೆ, ಏಕೆಂದರೆ ಗೂಡಿನ ಸುಣ್ಣದಲ್ಲಿ ಬೇಯದ ಕಲ್ಲು ಎಷ್ಟೋ ಇರುತ್ತದೆ. ಚೀಲ ಬಿಚ್ಚಿಟ್ಟರಂತೂ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗುತ್ತದೆ; ತೂಕ ಇಳಿಯುವುದಿಲ್ಲ, ಕ್ಷಾರ ಇಳಿದಿರುತ್ತದೆ. ಹಳೆಯ ಸುಣ್ಣದಿಂದ ಗೊನೆ ಸುಟ್ಟುಕೊಂಡು ಔಷಧವನ್ನು ಬೈಯುವವರಿದ್ದಾರೆ.

ಆದ್ದರಿಂದ ಪ್ರತಿ ಬ್ಯಾರಲ್ ಪರೀಕ್ಷಿಸಿ. ನೀಲಿ ಲಿಟ್ಮಸ್ ಕಾಗದ ಕೆಂಪಾದರೆ ಆಮ್ಲ ಉಳಿದಿದೆ. ಲಿಟ್ಮಸ್ ಇಲ್ಲವೇ? ತುಕ್ಕು, ಎಣ್ಣೆ ಏನೂ ಇಲ್ಲದಂತೆ ಉಜ್ಜಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ, ಸೋಸಿದ ಸುಣ್ಣದ ನೀರನ್ನು ಚೊಂಬಿನಷ್ಟು ಹಾಕಿ, ತಿರುವಿ, ಅಲಗನ್ನು ಮತ್ತೆ ಉಜ್ಜಿ ಅದ್ದಿ. ಲೇಪ ಬಾರದಂತಾದಾಗ, ಕೆಂಪು ಲಿಟ್ಮಸ್ ತುಸು ನೀಲಿಗೆ ತಿರುಗಿದಾಗ, ನಿಲ್ಲಿಸಿ. ಇದಕ್ಕಾಗಿಯೇ ಒಂದು ಬಕೆಟ್ ಸುಣ್ಣದ ನೀರನ್ನು ಬೇರೆಯಾಗಿ ಇಟ್ಟುಕೊಂಡಿರಬೇಕು. ಹಾಗೆಂದು ಸುಣ್ಣ ಸುರಿಯುತ್ತಲೇ ಹೋಗಬೇಡಿ; ಅತಿಯಾದರೆ ತಾಮ್ರ ಹೊರಬರುವುದು ತಡವಾಗುತ್ತದೆ.

ಮಾಡಿದ ದಿನವೇ ಹೊಡೆದು ಮುಗಿಸಿ. ಮರುದಿನಕ್ಕೆ ಕಣಗಳು ಒರಟಾಗಿರುತ್ತವೆ. ಎರಡನೇ ಸಿಂಪಡಣೆ 40-45 ದಿನಗಳ ನಂತರ. ಕೆಲಸ ಮುಗಿದ ಕೂಡಲೇ ಪಂಪು, ಪೈಪು ತೊಳೆಯಿರಿ.

ಸುಣ್ಣ ಕಣ್ಣಿಗೆ ಸಿಡಿದರೆ ಕ್ಷಾರಕ್ಕೆ ಆಮ್ಲ ಮದ್ದೆಂದು ಲಿಂಬೆರಸ, ವಿನೆಗರ್ ಹಚ್ಚಲು ಹೋಗಬೇಡಿ. ತಟಸ್ಥವಾಗುವಾಗ ಬಿಸಿ ಹುಟ್ಟುತ್ತದೆ, ಆಮ್ಲವೂ ಕಣ್ಣನ್ನು ಸುಡುತ್ತದೆ. ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.