ಬದನೆಕಾಯಿಗೆ ಕಪ್ಪು ಪೆನ್ಸಿಲ್ ಬೇಡ

ಬಣ್ಣದ ಪೆನ್ಸಿಲ್‌ನಲ್ಲಿ ಹೂವು, ಎಲೆ, ಕಾಯಿ ಬಿಡಿಸಲು ಹೊರಟವರಿಗೆ ನಾನು ಹೇಳುವುದು ಒಂದೇ: ಮೊದಲು ಬದನೆಕಾಯಿ ತಗೊಳ್ಳಿ. ನೇರಳೆ ಬಣ್ಣದ, ಮೈ ಮಿರಮಿರ ಮಿಂಚುವ ಉದ್ದ ಬದನೆ. ಹೂವಿನ ಹಾಗೆ ಮಧ್ಯಾಹ್ನಕ್ಕೆಲ್ಲ ಬಾಡುವುದಿಲ್ಲ. ಹೊಳಪು ಮಾತ್ರ ಬೇಗ ಮಂಕಾಗುತ್ತದೆ, ಅದಕ್ಕೇ ತಂದ ದಿನವೇ ಹೊಳಪಿನ ಆಕಾರ ಗುರುತು ಮಾಡಿಕೊಳ್ಳುತ್ತೇನೆ.

ಸಸ್ಯಚಿತ್ರಗಳಲ್ಲಿ ಬೆಳಕು ಮೇಲಿನ ಎಡಗಡೆಯಿಂದ ಬೀಳಬೇಕು ಅನ್ನುವುದು ಹಳೆಯ ರೂಢಿ. ಉತ್ತರದ ಕಿಟಕಿ ಪಕ್ಕ ಕೂತರೆ ನೇರ ಬಿಸಿಲು ಬರುವುದಿಲ್ಲ ಅಂತಲೂ ಹೇಳುತ್ತಾರೆ. ಅದು ಚಳಿ ದೇಶದವರ ಲೆಕ್ಕ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳ ಬೆಳಿಗ್ಗೆ ನನ್ನ ಉತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿಗೇ ಬಂದು ಬೀಳುತ್ತದೆ. ಆಗ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟುತ್ತೇನೆ. ರಾತ್ರಿಯಾದರೆ ಎಡಗಡೆ ಒಂದೇ ಒಂದು ದೀಪ. ಎರಡು ದೀಪ ಇದ್ದರೆ ನೆರಳೂ ಎರಡಾಗುತ್ತದೆ, ತಲೆ ಕೆಡುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಹಾಟ್ ಪ್ರೆಸ್, ಅಂದರೆ ಬಿಸಿಯಾಗಿ ಒತ್ತಿ ನಯ ಮಾಡಿದ್ದು. ಪೆನ್ಸಿಲ್ ಫೇಬರ್-ಕ್ಯಾಸ್ಟೆಲ್ ಕಂಪನಿಯ ಪಾಲಿಕ್ರೋಮೋಸ್. ಎಣ್ಣೆ ಆಧಾರದ್ದು, ಮೊನೆ ಚೂಪಾಗಿ ನಿಲ್ಲುತ್ತದೆ.

ಹೊಳಪು ಅಂದರೆ ಖಾಲಿ ಕಾಗದ. ಅದನ್ನು ಮೊದಲಿನಿಂದಲೇ ಕಾಯಬೇಕು. ಕಡು ಬಣ್ಣದ ಮೇಲೆ ಆಮೇಲೆ ಬಿಳಿ ಪೆನ್ಸಿಲ್ ತಿಕ್ಕಿದರೆ ಮಬ್ಬು ನೇರಳೆ ಬರುತ್ತದೆಯೇ ಹೊರತು ಬೆಳಕು ಬರಲ್ಲ. ಹೊಳಪಿನ ಅಂಚನ್ನು ಗಮನಿಸಿ. ಕಿಟಕಿಯಾಚೆಯ ಆಕಾಶ ಅಲ್ಲಿ ಪ್ರತಿಫಲಿಸುವುದರಿಂದ ತುಸು ನೀಲಿ ಇರುತ್ತದೆ. ಅಲ್ಲಿ ತಿಳಿನೀಲಿಯನ್ನು ಸವರಿದ ಹಾಗೆ ಹಚ್ಚುತ್ತೇನೆ.

ನೆರಳನ್ನು ನಾನು ಬಣ್ಣಕ್ಕಿಂತ ಮುಂಚೆ ಹಾಕುತ್ತೇನೆ. ಕಪ್ಪು ಬಳಸಲ್ಲ, ಅದು ಕಾಯಿಯ ಮೈಯಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಕಡು ಇಂಡಿಗೊ ಅನ್ನುವ ನೀಲಿ, ಅದರ ಮೇಲೆ ಕಡು ಸೀಪಿಯಾ ಅನ್ನುವ ಕಂದು, ಆಮೇಲೆ ಕೆಂಪು ಬೆರೆತ ನೇರಳೆ. ಒತ್ತದೆ, ಪದರದ ಮೇಲೆ ಪದರ. ಕಾಗದದ ಹಲ್ಲು, ಅಂದರೆ ಬಣ್ಣ ಹಿಡಿದುಕೊಳ್ಳುವ ಸಣ್ಣ ತರಿ, ಬೇಗ ತುಂಬಿಬಿಟ್ಟರೆ ಮುಂದಿನ ಬಣ್ಣ ಹಿಡಿಯುವುದಿಲ್ಲ. ಅತಿ ಕಡುವಾದ ಭಾಗ ಬಲ ಅಂಚಿನಲ್ಲಿರುವುದಿಲ್ಲ, ಅದಕ್ಕಿಂತ ಸ್ವಲ್ಪ ಒಳಗಿರುತ್ತದೆ. ಕೆಳಗೆ ಹಾಸಿದ ಬಿಳಿ ಕಾಗದದ ಬೆಳಕು ಅಂಚಿಗೆ ವಾಪಸ್ ಹೊಡೆಯುತ್ತದಲ್ವಾ, ಅದಕ್ಕೆ. ಆ ಅಂಚು ಬೆಳಕಿನ ಕಡೆಯಷ್ಟು ತಿಳಿಯಾಗಬಾರದು.

ಮಜಾ ಇರುವುದು ತೊಟ್ಟಿನ ಬುಡದಲ್ಲಿ. ಅನೇಕ ತಳಿಯ ಬದನೆಯಲ್ಲಿ ಸಿಪ್ಪೆಗೆ ನೇರಳೆ ಬಣ್ಣ ಬರಬೇಕಾದರೆ ಬೆಳಕು ಬೇಕು. ಅಂಥ ಕಾಯಿಯಲ್ಲಿ ತೊಟ್ಟಿನ ಹಸಿರು ದಳಗಳು ಮುಚ್ಚಿದ ಕಡೆ ಸಿಪ್ಪೆ ಬೆಳ್ಳಗೇ ಉಳಿಯುತ್ತದೆ. ಕಾಯಿ ಬೆಳೆಯುತ್ತಿರುವಾಗ ಕಿತ್ತಿದ್ದರೆ ಅಲ್ಲಿ ಬಿಳಿ ಪಟ್ಟಿಯೊಂದು ಇಣುಕುತ್ತದೆ. ಈಗ ನೋಡಿ: ಬಿಳಿ ಸಿಪ್ಪೆ, ಆದರೆ ಹಸಿರು ದಳದ ನೆರಳಿನೊಳಗೆ. ಒಂದು ಬೆರಳಿನಾಚೆ ಕಡು ನೇರಳೆ ಸಿಪ್ಪೆ, ಆದರೆ ಬೆಳಕಿನಲ್ಲಿ. ಎರಡರಲ್ಲಿ ಯಾವುದು ಹೆಚ್ಚು ಕಡು? ಬಿಳಿ ಅಂತ ಗೊತ್ತಿರುವುದರಿಂದ ಕೈ ತಾನಾಗೇ ಕಾಗದ ಖಾಲಿ ಬಿಡಲು ಹೋಗುತ್ತದೆ. ನಾನು ಕಾಯಿಯನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಫೋನಿನಲ್ಲಿ ಫೋಟೊ ತೆಗೆದು, ಬಣ್ಣ ತೆಗೆದುಹಾಕಿ ನೋಡುತ್ತೇನೆ. ಬೂದು ಬಣ್ಣದಲ್ಲಿ ಉತ್ತರ ಅಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಆ ಪಟ್ಟಿಗೆ ತಿಳಿಹಸಿರು ಬೆರೆತ ಬೂದು ಬೇಕಾಗುತ್ತದೆ. ದಳದ ನೆರಳಿನ ಗೆರೆ ದಳಕ್ಕೆ ಅಂಟಿದ ಕಡೆ ಚೂಪು, ದೂರ ಹೋದಂತೆ ಮೆತ್ತಗೆ.

ಮೇಜಿನ ಮೇಲೆ ಬೀಳುವ ನೆರಳನ್ನು ನಾನು ಬಿಡಿಸುವುದೇ ಇಲ್ಲ. ಸಸ್ಯಚಿತ್ರದಲ್ಲಿ ಕಾಯಿ ಬಿಳಿ ಕಾಗದದ ಮೇಲೆ ಒಂಟಿಯಾಗಿರುವುದೇ ವಾಡಿಕೆ. ಗೋಡೆಗೆ ನೇತುಹಾಕಲು ಯಾರಾದರೂ ಕೇಳಿದರೆ ಬೇರೆ ಮಾತು. ಆಗ ಇಂಡಿಗೊ ಬೆರೆತ ಬೂದಿನಲ್ಲಿ ತೆಳ್ಳಗೆ ಒಂದಿಷ್ಟು ಸೇರಿಸುತ್ತೇನೆ.